ಏರ್ ಪಿಸ್ತೂಲ್ ಶುರು ಮಾಡೋರಿಗೆ: ಸ್ಪ್ರಿಂಗ್, ಲಿವರ್, ಸಿಲಿಂಡರ್, ಮೂರನ್ನೂ ಹಿಡಿದು ನೋಡಿದ ಮೇಲೆ

ಅಮೆರಿಕದ ಐಡಿಪಿಎ ಸ್ಪರ್ಧೆಗಳ ವಿಡಿಯೊ ನೋಡಿದ ಹುಡುಗರು "ಅಣ್ಣ, ಇದು ನಮ್ಮಲ್ಲಿ ಆಗುತ್ತಾ" ಅಂತ ಕೇಳುತ್ತಲೇ ಇರುತ್ತಾರೆ. ಸೊಂಟದಿಂದ ಪಿಸ್ತೂಲ್ ತೆಗೆದು, ಮರೆಯಲ್ಲಿ ನಿಂತು, ಆದಷ್ಟು ಬೇಗ ಗುರಿ ಹೊಡೆಯುವ ಆಟ ಅದು. 1996ರಿಂದ ನಡೀತಿದೆ. ಅಲ್ಲಿ ಹೆಚ್ಚಿನವರು ಬಳಸುವ 9 ಎಂಎಂ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ). .32 ಪಿಸ್ತೂಲಿಗೆ ಲೈಸೆನ್ಸ್ ಬೇಕು, ಅದು ಸುಲಭಕ್ಕೆ ಸಿಗಲ್ಲ. ತೋಟ ಕಾಯೋಕೆ ಇಟ್ಟುಕೊಂಡ ಕೋವಿಯನ್ನೇ ಚುನಾವಣೆ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು, ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ.

ಹಾಗಾಗಿ ಪಿಸ್ತೂಲ್ ಕೈಗೆ ಹತ್ತಬೇಕು ಅನ್ನೋರಿಗೆ ನಾನು ಹೇಳೋದು 10 ಮೀಟರ್ ಏರ್ ಪಿಸ್ತೂಲ್, ಅಂದರೆ ಗಾಳಿಯ ಒತ್ತಡದಿಂದ ಹತ್ತು ಮೀಟರ್ ದೂರದ ಗುರಿಗೆ ಹೊಡೆಯೋದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ಆಟ. 4.5 ಎಂಎಂ ಬೋರ್, 20 ಜೂಲ್ ಮೀರದ ಶಕ್ತಿ ಇದ್ದರೆ ಲೈಸೆನ್ಸ್ ಬೇಡ. ಸ್ಪರ್ಧೆಯ ಪಿಸ್ತೂಲಿಗೆ ಅದರ ಮೂರನೇ ಒಂದು ಪಾಲು ಶಕ್ತಿಯೂ ಇರಲ್ಲ. ಆದರೆ ಆಟ ಸುಲಭ ಅಂದ್ಕೋಬೇಡಿ. ಒಂದೇ ಕೈಯಲ್ಲಿ ಹಿಡಿದು 75 ನಿಮಿಷದಲ್ಲಿ 60 ಗುಂಡು ಹೊಡೀಬೇಕು. ಹತ್ತು ಅಂಕದ ವೃತ್ತದ ಅಗಲ ಬರೀ 11.5 ಎಂಎಂ.

ಮೊದಲು ಸ್ಪ್ರಿಂಗ್ ಪಿಸ್ತೂಲ್. ನಳಿಗೆಯನ್ನೇ ಮಡಚಿ ಸ್ಪ್ರಿಂಗ್ ಎಳೆಯುವ ಮಾದರಿ, ಕೆಲವು ಸಾವಿರಕ್ಕೆ ಸಿಗುತ್ತೆ. ಡಬ್ಬಿಗೆ ಹೊಡೆಯೋಕೆ ಖುಷಿಯಾಗಿದೆ. ಸ್ಪರ್ಧೆಗೆ ಮಾತ್ರ ಬೇಡವೇ ಬೇಡ. ಟ್ರಿಗರ್ ಒತ್ತಿದಾಗ ಒಳಗಿನ ಪಿಸ್ಟನ್ ಮುಂದೆ ನುಗ್ಗುತ್ತೆ, ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಇನ್ನೂ ನಳಿಗೆಯಲ್ಲಿ ಇರುವಾಗಲೇ ಇಡೀ ಪಿಸ್ತೂಲ್ ಹಾರುತ್ತೆ. ಹಿಡಿತ ಒಂಚೂರು ಬದಲಾದರೂ ಗುಂಡು ಎಲ್ಲೋ ಹೋಗಿ ಬೀಳುತ್ತೆ, ತಪ್ಪು ನಮ್ಮದಾ ಪಿಸ್ತೂಲಿನದಾ ಅಂತ ಗೊತ್ತಾಗಲ್ಲ. ಗೊತ್ತಾಗದೆ ಕಲಿಯೋದು ಹೇಗೆ? ಇನ್ನೊಂದು ದೊಡ್ಡ ತೊಂದರೆ, ಪೆಲೆಟ್ ಇಲ್ಲದೆ ಸುಮ್ನೆ ಟ್ರಿಗರ್ ಒತ್ತಿದರೆ ಪಿಸ್ಟನ್ ಹಾಳಾಗುತ್ತೆ. ಈ ಆಟದ ಅರ್ಧ ಅಭ್ಯಾಸ ಖಾಲಿ ಪಿಸ್ತೂಲಿನಲ್ಲೇ ನಡೆಯೋದು.

ಎರಡನೇದು ಲಿವರ್. ನಾನು ಬಳಸಿದ್ದು ರಷ್ಯಾದ ಬೈಕಾಲ್ ಐಝಡ್‌ಎಚ್-46ಎಂ. ನಳಿಗೆಯ ಕೆಳಗಿನ ಉದ್ದ ಲಿವರನ್ನು ಒಂದು ಸಲ ಎಳೆದು ಮುಚ್ಚಿದರೆ ಒಂದು ಗುಂಡಿಗೆ ಬೇಕಾದಷ್ಟು ಗಾಳಿ ತುಂಬುತ್ತೆ. ಪ್ರತಿ ಸಲವೂ ಅಷ್ಟೇ ಗಾಳಿ, ಅಷ್ಟೇ ವೇಗ, ಹಾರಾಟ ಇಲ್ಲವೇ ಇಲ್ಲ. ಲಿವರ್ ಎಳೆಯದೆ ಬ್ರೀಚ್ (ಪೆಲೆಟ್ ಇಡುವ ಬಾಯಿ) ಮಾತ್ರ ತೆರೆದು ಮುಚ್ಚಿದರೆ ಖಾಲಿ ಟ್ರಿಗರ್ ಅಭ್ಯಾಸವನ್ನೂ ಮಾಡಬಹುದು. ಕಷ್ಟ ಏನಂದ್ರೆ ಅರವತ್ತು ಗುಂಡು, ಅದಕ್ಕೂ ಮೊದಲು ಹೊಡೆಯುವ ಪರೀಕ್ಷೆಯ ಗುಂಡುಗಳು, ಅಷ್ಟಕ್ಕೂ ಲಿವರ್ ಎಳೆದು ಕೊನೆಕೊನೆಗೆ ತೋಳು ಸೋಲುತ್ತೆ, ಪ್ರತಿ ಗುಂಡಿಗೂ ಹಿಡಿತ ಬಿಟ್ಟು ಮತ್ತೆ ಹೊಸದಾಗಿ ಹಿಡೀಬೇಕು. ಹೊಸಬರಿಗೆ ಇದು ಒಳ್ಳೇದೇ ಅನ್ನೋದು ನನ್ನ ಅಭಿಪ್ರಾಯ, ಒಂದೇ ಥರ ಹಿಡಿಯೋ ಅಭ್ಯಾಸ ಬೇಗ ಬರುತ್ತೆ.

ಮೂರನೇದು ಸಿಲಿಂಡರ್ ಪಿಸ್ತೂಲ್, ಅಂದರೆ ಪಿಸಿಪಿ, ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯೋದು. ಸ್ನೇಹಿತರೊಬ್ಬರ ಸ್ಟೇಯರ್ ಎಲ್‌ಪಿ10 ಹಿಡಿದ ಮೊದಲ ಗಳಿಗೆಯಲ್ಲೇ ದೊಡ್ಡ ದೊಡ್ಡ ಶೂಟರುಗಳು ಇದನ್ನೇ ಯಾಕೆ ಬಳಸ್ತಾರೆ ಅಂತ ತಿಳೀತು. ಟ್ರಿಗರ್ ಮೊದಲ ಹಂತ ಮುಗಿದು ಎರಡನೇ ಹಂತಕ್ಕೆ ಬಂದು ನಿಲ್ಲೋದು ಬೆರಳ ತುದಿಗೆ ಸ್ಪಷ್ಟವಾಗಿ ಗೊತ್ತಾಗುತ್ತೆ. ನಿಯಮದ ಪ್ರಕಾರ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೀಬೇಕು, ಅದರ ಅಂಚಿಗೇ ತಂದು ನಿಲ್ಲಿಸಬಹುದು. ಗುಂಡು ಹೋದದ್ದೂ ಕೈಗೆ ತಿಳಿಯಲ್ಲ. ಮೂರರಲ್ಲಿ ಇದೇ ಮೇಲು, ಎರಡು ಮಾತಿಲ್ಲ.

ಆದರೂ ಆಗುಂಬೆ, ಹುಲಿಕಲ್ ಕಡೆ ಹಳ್ಳಿಮನೆಯಲ್ಲಿ ಇದ್ದು ಶುರು ಮಾಡೋರಿಗೆ ನಾನು ಲಿವರನ್ನೇ ಹೇಳ್ತೀನಿ. ದುಡ್ಡಿನ ಮಾತು ಒಂದು, ಹೊರದೇಶದ ಪಿಸಿಪಿ ಲಕ್ಷಗಳ ಲೆಕ್ಕ. ಅದಕ್ಕಿಂತ ಜಾಸ್ತಿ ಕಾಡೋದು ಗಾಳಿ. ಸಿಲಿಂಡರಿಗೆ 200 ಬಾರ್ ಒತ್ತಡ ಬೇಕು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅದರ ಹತ್ತಿರಕ್ಕೂ ಬರಲ್ಲ. ದೊಡ್ಡ ಸಿಲಿಂಡರ್ ತುಂಬಿಸಿ ತಂದಿಟ್ಟುಕೊಳ್ಳಬೇಕು, ಇಲ್ಲಾ ಕೈಪಂಪು ಹೊಡೀಬೇಕು. ಕೈಪಂಪಿಗೆ ಬೆವರು ಸುರಿಯೋದು ಹಾಗಿರಲಿ, ನಮ್ಮ ಆಷಾಢದ ಗಾಳಿಯಲ್ಲಿರೋ ನೀರೆಲ್ಲ ಒಳಗೇ ಹೋಗಿ ಸೇರುತ್ತೆ. ಪಂಪಿನ ಬಾಯಿಗೆ ನೀಲಿ ಸಿಲಿಕಾ ಜೆಲ್ ಕಾಳಿನ ಫಿಲ್ಟರ್ ಹಾಕಿ ಇಟ್ಟಿದ್ದೆವು, ಮಳೆ ಹಿಡಿದ ದಿನ ಆ ಕಾಳು ಬೇಗನೆ ಗುಲಾಬಿ ಬಣ್ಣಕ್ಕೆ ತಿರುಗಿಬಿಡ್ತಿತ್ತು. ಲಿವರ್ ಪಿಸ್ತೂಲಿಗೆ ಇದರ ಗೋಜೇ ಇಲ್ಲ, ತೆಗೆದು, ಎಳೆದು, ಜಗಲಿಯ ಈ ಕೊನೆಯಿಂದ ಆ ಕೊನೆಗೆ ಹತ್ತು ಮೀಟರ್ ಅಳೆದು ಹೊಡೆಯೋದು. ಗುರಿಯ ಹಿಂದೆ ದಪ್ಪ ತಗಡಿನ ಪೆಟ್ಟಿಗೆ ಬೇಕೇ ಬೇಕು, ಕಣ್ಣಿಗೆ ಕನ್ನಡಕ ಬೇಕು, ಹೊಡೆಯುವಾಗ ಆ ಕಡೆ ಬಾಗಿಲಿಗೆ ಚಿಲಕ ಹಾಕಿರಬೇಕು.

ಮಳೆಗಾಲ ಮೂರಕ್ಕೂ ಶತ್ರು. ಉಕ್ಕಿಗೆ ತುಕ್ಕು, ಚರ್ಮದ ಚೀಲಕ್ಕೆ ಬೂಷ್ಟು. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಏನೂ ಕೆಡಲ್ಲ ಅಂತ ಮನೆಯ ಹಿರಿಯರು ಹೇಳ್ತಾರೆ, ಪಿಸ್ತೂಲಿಗೆ ಆ ಹೊಗೆ, ಕಾವು ಬೇಡ, ರಬ್ಬರ್ ಸೀಲು ಒಣಗುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಉಕ್ಕಿಗೆ ತೆಳ್ಳಗೆ ಗನ್ ಎಣ್ಣೆ, ಸಾಕು.

ಯಾವುದನ್ನೇ ತಗೊಳ್ಳಿ, ಮರದ ಹಿಡಿ ನಿಮ್ಮ ಕೈಗೆ ಕೂರದಿದ್ದರೆ ಪ್ರಯೋಜನ ಇಲ್ಲ. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಹಿಡಿದು ಬಿಡಿ. ಬಿಳಿ ಅಂಟದ ಜಾಗ ಅಂದರೆ ಕೈ ತಾಗದ ಜಾಗ, ಅಲ್ಲಿಗೆ ವುಡ್ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಹಿಡಿದು ನೋಡಿ. ಒಂದು ವಾರ ಹಿಡಿದರೂ ಪರವಾಗಿಲ್ಲ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ಬಿಟ್ಟಾಗ ನಳಿಗೆಯ ತುದಿಯ ಮಕ್ಷಿ (ಗುರಿ ನೋಡೋ ಮುಂದಿನ ಮೊಳೆ) ಹಿಂದಿನ ಕಚ್ಚಿನ ನಡುವೆ ತಾನಾಗೇ ನಿಂತಿರಬೇಕು. ಶೂಟಿಂಗ್ ಶೂಗೆ ಈಗಲೇ ದುಡ್ಡು ಹಾಕಬೇಡಿ, ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ನಡೆಯುತ್ತೆ. ಪೆಲೆಟ್ ಮಾತ್ರ ಚಪ್ಪಟೆ ಮೂತಿಯದೇ ಇರಲಿ, ಕಾಗದದಲ್ಲಿ ದುಂಡಗೆ ತೂತು ಬಿದ್ದರೆ ಅಂಕ ಎಣಿಸೋಕೆ ಸುಲಭ.

ಶಿವಮೊಗ್ಗ ಪೇಟೆಯಲ್ಲೇ ಇದ್ದು, ಗಾಳಿ ತುಂಬಿಸಲು ದಾರಿ ಇದ್ದು, ಕೈಯಲ್ಲಿ ದುಡ್ಡೂ ಇದ್ದರೆ ಸೀದಾ ಪಿಸಿಪಿಗೇ ಹೋಗಿ. ಸೆಕೆಂಡ್ ಹ್ಯಾಂಡ್ ಆದರೆ ಸಿಲಿಂಡರ್ ಮೇಲೆ ಕೆತ್ತಿರೋ ತಾರೀಖು ಮೊದಲು ಓದಿ. ಸಿಲಿಂಡರಿನ ಆಯಸ್ಸು ಸಾಮಾನ್ಯವಾಗಿ 10 ವರ್ಷ, ಅವಧಿ ಮುಗಿದದ್ದನ್ನು ಸ್ಪರ್ಧೆಗೆ ಒಯ್ಯುವಂತಿಲ್ಲ. ಹೊಸ ಸಿಲಿಂಡರಿನ ಬೆಲೆ ಕಳೆದೇ ಚೌಕಾಸಿ ಮಾಡಿ.