ಗ್ಯಾಸ್ ತುಂಬಿಸುವ ಮೊದಲು: ಮಲೆನಾಡಿನಲ್ಲಿ ಹಳೇ ಕ್ಯಾಮ್ರಿ ಹೈಬ್ರಿಡ್‌ನ ಎಸಿ

ಬಿಡದಿಯಲ್ಲಿ ಜೋಡಣೆಯಾದ, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಮಾರಾಟಕ್ಕೆ ಬಂದದ್ದು 2013ರಲ್ಲಿ. ಆ ಕಾರುಗಳಿಗೆ ಈಗ ಹತ್ತು ವರ್ಷ ದಾಟಿದೆ. ಏಪ್ರಿಲ್ ಬಿಸಿಲಿಗೆ ಶಿವಮೊಗ್ಗ ಪೇಟೆಯಲ್ಲಿ ಎಸಿ ಸಾಲುವುದಿಲ್ಲ ಎಂದರೆ ಆಶ್ಚರ್ಯವಿಲ್ಲ. ಆದರೆ ಅದಕ್ಕೆ ಹೆಚ್ಚಿನವರು ಮಾಡುವ ಮೊದಲ ಕೆಲಸ, ಅಂದರೆ ಎಲ್ಲೋ ಒಂದು ಕಡೆ ನಿಲ್ಲಿಸಿ ಗ್ಯಾಸ್ ತುಂಬಿಸುವುದು, ಈ ಕಾರಿಗೆ ಅತ್ಯಂತ ಅಪಾಯದ್ದು.

ವಿನ್ಯಾಸಕ್ಕೆ ಪೂರ್ತಿ ಅಂಕ ಕೊಡಬೇಕು. ಎಸಿ ಗ್ಯಾಸನ್ನು ಒತ್ತಿ ಓಡಿಸುವ ಇದರ ಕಂಪ್ರೆಸರ್‌ಗೆ ಎಂಜಿನ್ ಬೆಲ್ಟ್ ಇಲ್ಲ, 244.8 ವೋಲ್ಟ್ ಬ್ಯಾಟರಿಯಿಂದ ನೇರ ವಿದ್ಯುತ್ ತೆಗೆದುಕೊಂಡು ತಿರುಗುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆದರೂ ತಂಪು ನಿಲ್ಲುವುದಿಲ್ಲ. ಆಗುಂಬೆ ಘಾಟಿಯಲ್ಲಿ ಲಾರಿ ಸಿಕ್ಕಿಕೊಂಡು ಅರ್ಧ ಗಂಟೆ ನಿಂತರೂ ಒಳಗೆ ಕೂತವರಿಗೆ ಸೆಖೆಯಾಗದು.

ತಂಪು ಕಡಿಮೆ ಅನಿಸಿದರೆ ಮೊದಲು ಅಳೆಯಬೇಕು. ಕಾರು ರೆಡಿ ಸ್ಥಿತಿಯಲ್ಲಿರಲಿ (ಡ್ಯಾಶ್‌ಬೋರ್ಡಿನಲ್ಲಿ READY ದೀಪ ಹತ್ತಿರಲಿ), ಈಕೋ ಮೋಡ್ ಆಫ್ ಇರಲಿ (ಅದು ಎಸಿಯ ಕೆಲಸವನ್ನು ತಗ್ಗಿಸುತ್ತದೆ). ಕನಿಷ್ಠ ತಾಪಮಾನ, ಒಳಗಾಳಿ ಸುತ್ತುವ ಗುಂಡಿ, ಬ್ಲೋವರ್ ಮಧ್ಯಮ. ಕಾಲು ಗಂಟೆ ಬಿಟ್ಟು ಮಧ್ಯದ ಕಿಂಡಿಗೆ ಥರ್ಮಾಮೀಟರ್ ತೂರಿಸಿ. ಹೊರಗೆ 34 ಡಿಗ್ರಿ ಒಣ ಬಿಸಿಲಿದ್ದಾಗ 10 ಡಿಗ್ರಿಯೊಳಗೆ ಬಂದರೆ ಸಮಸ್ಯೆ ಎಸಿಯದ್ದಲ್ಲ. 14–15ರಲ್ಲೇ ನಿಂತರೆ ಹುಡುಕಬೇಕು. ಮಳೆಗಾಲದಲ್ಲಿ ಗಾಳಿಯ ತೇವ ಹಿಂಡುವುದರಲ್ಲೇ ಅರ್ಧ ಶಕ್ತಿ ಹೋಗುವುದರಿಂದ ಅಂಕಿ ತುಸು ಮೇಲಿರುವುದು ಸಹಜ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಲೋವ್ ಬಾಕ್ಸ್ ಬಿಚ್ಚಿ. ಒಳಗಿನ ಬದಿಯ ಡ್ಯಾಂಪರ್ ಕಡ್ಡಿ ಕಳಚಿ, ಎರಡು ಪಕ್ಕಗಳನ್ನು ಒಳಕ್ಕೆ ಒತ್ತಿದರೆ ಕೆಳಗೆ ಇಳಿಯುತ್ತದೆ. ಹಿಂದೆ ಫಿಲ್ಟರ್ ಪೆಟ್ಟಿಗೆ ಕಾಣುತ್ತದೆ. ತೋಟದ ಮನೆಯ ಕಾರುಗಳಲ್ಲಿ ಇದನ್ನು ಎಳೆದಾಗ ದರಕು, ಅಡಿಕೆ ಸುಲಿದ ಧೂಳು, ಕೆಲವೊಮ್ಮೆ ಇಲಿ ಹರಿದು ಹಾಸಿದ ಹತ್ತಿ ಎಲ್ಲಾ ಒಟ್ಟಿಗೆ ಈಚೆ ಬರುತ್ತದೆ. ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರು ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ದಸರಾ ಹೊತ್ತಿಗೆ, ಬದಲಿಸುವುದು ಒಳ್ಳೆಯದು. ಊದಿ ಕೊಡವಿ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ, ಒದ್ದೆಯಾದ ಕಾಗದದ ಮಡಿಕೆಯಲ್ಲಿ ಬೂಸಲು ಉಳಿದೇ ಉಳಿಯುತ್ತದೆ.

ಗಾಳಿ ಚೆನ್ನಾಗಿದ್ದು ತಂಪಿಲ್ಲದಿದ್ದರೆ ಮುಂದಿನ ಗ್ರಿಲ್‌ನೊಳಕ್ಕೆ ಟಾರ್ಚ್ ಬಿಡಿ. ಗ್ಯಾಸಿನ ಬಿಸಿಯನ್ನು ಹೊರಬಿಡುವ ಕಂಡೆನ್ಸರ್‌ನ ಕೆಳ ಅಂಚಿನಲ್ಲಿ ಕೆಂಪು ಮಣ್ಣು ಗಟ್ಟಿಕೊಂಡಿರುತ್ತದೆ. ತೋಟದ ಪೈಪಿನ ಮೆಲ್ಲಗಿನ ನೀರು ಸಾಕು. ಪ್ರೆಶರ್ ವಾಶ್ ಹೊಡೆದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ತೊಳೆಯುವಾಗ ಒಂದೇ ಕಡೆ ಜಿಡ್ಡಿನ ಮೇಲೆ ಧೂಳು ಮೆತ್ತಿದ ಕಪ್ಪು ಕಲೆ ಕಂಡರೆ ಅಲ್ಲೇ ಗ್ಯಾಸ್ ಸೋರುತ್ತಿದೆ, ಜೊತೆಗೆ ಎಣ್ಣೆಯೂ. ಜಲ್ಲಿ ಸಿಡಿದ ಪೆಟ್ಟು ಹೆಚ್ಚಾಗಿ ಅಲ್ಲಿಗೇ ಬೀಳುತ್ತದೆ. ಚಾಲಕನ ಕಡೆ ತಂಪು, ಪಕ್ಕದವರ ಕಡೆ ಬೆಚ್ಚಗೆ ಅನ್ನುವ ವ್ಯತ್ಯಾಸವೂ ಗ್ಯಾಸ್ ಕಡಿಮೆಯಾದ ಲಕ್ಷಣ ಇರಬಹುದು. ಇಲ್ಲವೆಂದರೆ ಒಳಗಿನ ಗಾಳಿಯ ಬಾಗಿಲು ತಿರುಗಿಸುವ ಡ್ಯಾಂಪರ್ ಮೋಟರ್ ಕೆಟ್ಟಿರಬಹುದು.

ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಬಿ1421 ಕೋಡ್ ಬಂದರೆ ಗಾಬರಿ ಬೇಡ, ಅದು ಬಿಸಿಲಿನ ಸೆನ್ಸರ್. ಕತ್ತಲ ಶೆಡ್ಡಿನಲ್ಲಿ ಪರೀಕ್ಷಿಸಿದರೆ ಸರಿ ಇರುವ ಕಾರೂ ಈ ಕೋಡ್ ತೋರಿಸುತ್ತದೆ. ಕಾರನ್ನು ಅಂಗಳಕ್ಕೆ ತಂದು ಮತ್ತೆ ನೋಡಿ. ಬಿ1423 ಬಂದರೆ ಗ್ಯಾಸಿನ ಒತ್ತಡ ಅಳೆಯುವ ಸೆನ್ಸರ್ ಕಡೆ ಗಮನ ಕೊಡಬೇಕು.

ಈಗ ಗ್ಯಾಸಿನ ವಿಷಯ. ಗೇಜ್ ಕಚ್ಚಿಸಿ "ಪ್ರೆಶರ್ ಸರಿ ಇದೆ ಸಾರ್" ಅನ್ನುವ ಮಾತನ್ನು ನಂಬಬೇಡಿ. ಈ ಎಸಿಯಲ್ಲಿರುವ ಆರ್134ಎ ಗ್ಯಾಸ್ 30 ಡಿಗ್ರಿಯಲ್ಲಿ, ಎಸಿ ನಿಂತಿದ್ದಾಗ, ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಪೈಪಿನೊಳಗೆ ದ್ರವ ಒಂದಿಷ್ಟು ಉಳಿದಿದ್ದರೂ ಅಷ್ಟೇ, ಪೂರ್ತಿ ತುಂಬಿದ್ದರೂ ಅಷ್ಟೇ. ಓಡುವಾಗಿನ ಒತ್ತಡವೂ ಕಂಪ್ರೆಸರ್ ತನ್ನ ವೇಗವನ್ನು ತಾನೇ ಏರಿಳಿಸುವುದರಿಂದ ಒಂದೇ ಸಮ ಇರದು. ಇರುವ ಗ್ಯಾಸನ್ನೆಲ್ಲ ಯಂತ್ರಕ್ಕೆ ಎಳೆದು ತೂಕ ನೋಡಿ, ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿರುವಷ್ಟು ಗ್ರಾಂ ತೂಗಿ ತುಂಬುವುದೊಂದೇ ದಾರಿ. ತುಂಬುವ ಮೊದಲು ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಅರ್ಧ ಗಂಟೆಗೆ ಕಡಿಮೆ ಬೇಡ. ಆಷಾಢದಲ್ಲಿ ಒಂದು ಗಂಟೆ ಎಳೆಸಿ. ಈ ಕಂಪ್ರೆಸರ್‌ನ ಎಣ್ಣೆಗೆ ತೇವ ಹೀರುವ ಗುಣವಿದೆ.

ಆ ಎಣ್ಣೆಯೇ ಇಲ್ಲಿ ಮುಖ್ಯ. ವಿದ್ಯುತ್ ಮೋಟರಿನ ಸುರುಳಿಗಳು ನೇರವಾಗಿ ಎಣ್ಣೆಯಲ್ಲೇ ಇರುತ್ತವೆ. ಹಾಗಾಗಿ ಹೈಬ್ರಿಡ್‌ಗೆ ಎನ್‌ಡಿ-ಆಯಿಲ್ 11 ಎಂಬ, ವಿದ್ಯುತ್ ಹರಿಯಗೊಡದ ಎಣ್ಣೆ ಬೇಕು. ಸಾಮಾನ್ಯ ಕಾರಿನ ಪಿಎಜಿ ಎಣ್ಣೆ ವಿದ್ಯುತ್ ಹರಿಯಲು ದಾರಿ ಮಾಡಿಕೊಡುತ್ತದೆ. ಬೇರೆ ಕಾರುಗಳಿಗೆ ಬಳಸಿದ ಹೋಸ್‌ನಲ್ಲಿ ಉಳಿದ ಪಿಎಜಿ ಬೆರೆತರೂ ಸುರುಳಿಯ ಇನ್ಸುಲೇಷನ್ ಕುಸಿಯುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ, ಹೈ ವೋಲ್ಟೇಜ್ ಇನ್ಸುಲೇಷನ್ ದೋಷದ ಪಿ0ಎಎ6 ಕೋಡ್, ಅದರ ಜೊತೆ 611 ಬಂದರೆ ದೋಷ ಎಸಿ ಕಡೆಯದ್ದು. ತಂಪಿಗಾಗಿ ಹೋದವರು ಕಾರೇ ಸ್ಟಾರ್ಟ್ ಆಗದ ಸ್ಥಿತಿಗೆ ಬರಬಹುದು. ಕಂಪ್ರೆಸರ್, ಕಂಡೆನ್ಸರ್, ಪೈಪು ಎಲ್ಲ ಬದಲಿಸುವ ಖರ್ಚು. ಸೋರಿಕೆ ಮುಚ್ಚುವ ಡಬ್ಬಿ ದ್ರವವನ್ನಂತೂ ಹತ್ತಿರ ಸೇರಿಸಬೇಡಿ. ಕೆಲಸಕ್ಕೆ ಬಿಡುವ ಮೊದಲು ಹೈಬ್ರಿಡ್‌ಗೆಂದೇ ಬೇರೆ ಹೋಸ್ ಇದೆಯೇ, ಎಣ್ಣೆ ಯಾವುದು ಎಂದು ಕೇಳಿ, ಡಬ್ಬಿಯನ್ನು ಕಣ್ಣಾರೆ ನೋಡಿ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಮುಟ್ಟುವ ಕೆಲಸವಿದ್ದರೆ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು 10 ನಿಮಿಷ ಕಾಯುವುದು ನಿಯಮ. ಆತುರಪಡುವವರ ಕೈಗೆ ಕಾರು ಕೊಡಬೇಡಿ.

ಪಕ್ಕದ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ನೀರು ಹೊರಹೋಗುವ ಪೈಪು ಕಟ್ಟಿರುತ್ತದೆ. ಕಣಜ ಮಣ್ಣಿನ ಗೂಡು ಕಟ್ಟಿದರೂ ಸಾಕು. ಕೆಳಗಿನಿಂದ ತೆಳು ಪ್ಲಾಸ್ಟಿಕ್ ಕಡ್ಡಿ ಆಡಿಸಿ.

ಎಸಿ ದುರ್ಬಲವಾದರೆ ಕಾರಿನ ಹಿಂಬದಿಯ ಹೈಬ್ರಿಡ್ ಬ್ಯಾಟರಿಗೂ ಪೆಟ್ಟು, ಏಕೆಂದರೆ ಅದು ಉಸಿರಾಡುವುದು ಕಾರಿನ ಒಳಗಿನ ಗಾಳಿಯನ್ನೇ. ಹಿಂದಿನ ಸೀಟಿನ ಬಳಿಯ ಗಾಳಿ ಕಿಂಡಿಗೆ ಅಡ್ಡವಾಗಿ ಅಡಿಕೆ ಮೂಟೆ ಒರಗಿಸಿಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗ ಮಂಡಿಗೆ ಹೊರಟರೆ, ಮುಂದೆ ಎಷ್ಟೇ ತಂಪಿದ್ದರೂ ಬ್ಯಾಟರಿ ಬಿಸಿಯಾಗುತ್ತದೆ. ಮೂಟೆ ಡಿಕ್ಕಿಗೆ ಹಾಕಿ.