ಗೋವಾ ಪ್ಯಾಕೇಜ್ ಅಂತ ದುಡ್ಡು ಹಾಕುವ ಮೊದಲು ಇದನ್ನೊಮ್ಮೆ ಓದಿ

18,000 ರೂಪಾಯಿ ಹೋಯಿತು. ಕೈ ಮೇಲೆ ಕ್ವಾರಂಟೈನ್ ಸೀಲು ಬಿತ್ತು. ಸಮುದ್ರ ಮಾತ್ರ ಕಣ್ಣಿಗೂ ಬೀಳಲಿಲ್ಲ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೊಂದು ಮನೆಯವರಿಗೆ ಹೀಗಾಗಬಾರದು.

2020ರ ಜುಲೈ 2ರಿಂದ ಗೋವಾ ಪ್ರವಾಸಿಗರನ್ನು ಬಿಡಲು ಶುರು ಮಾಡಿತ್ತು. ಸುಮ್ನೆ ಅಲ್ಲ, ಷರತ್ತು ಹಾಕಿ. ಸರ್ಕಾರ ಅನುಮತಿ ಕೊಟ್ಟ ಹೋಟೆಲ್‌ನಲ್ಲೇ ಮೊದಲೇ ಬುಕ್ ಮಾಡಿರಬೇಕು. 48 ಗಂಟೆಯೊಳಗಿನ ಕೊರೊನಾ ನೆಗೆಟಿವ್ ವರದಿ ಕೈಯಲ್ಲಿರಬೇಕು, ಇಲ್ಲವಾದರೆ ಅಲ್ಲಿ ಟೆಸ್ಟ್ ಕೊಟ್ಟು ಫಲಿತಾಂಶ ಬರುವ ತನಕ ಕಾಯಬೇಕು. ಇದು ನನಗೆ ಅರ್ಧಂಬರ್ಧ ಗೊತ್ತಿತ್ತು. ನನ್ನ ಹೆಂಡತಿ ಎರಡು ಸಲ ಕೇಳಿದಳು, "ಟೆಸ್ಟ್ ಬೇಕಂತಲ್ರಿ?" ಅಂತ. ಪ್ಯಾಕೇಜ್ ಮಾರುತ್ತಿದ್ದ ಏಜೆಂಟ್‌ಗೆ ಫೋನ್ ಮಾಡಿದೆ.

"ಏನೂ ಆಗೂದಿಲ್ಲ ಬಿಡ್ರಿ ಅಣ್ಣಾರ. ಹೋಟೆಲ್ ಪರ್ಮಿಷನ್ ಇದ್ದದ್ದ ಐತಿ. ನನ್ನ ಹೆಸರು ಹೇಳ್ರಿ, ಬಿಡ್ತಾರ."

ಆ ಮಾತು ನಂಬಿದೆ. ಫೋನ್‌ಪೇ ಮಾಡಿದೆ. ಅವನು ವಾಟ್ಸಾಪ್‌ನಲ್ಲಿ ಹೋಟೆಲ್ ಹೆಸರಿರುವ ಒಂದು ಚೀಟಿ, ನೀಲಿ ಈಜುಕೊಳದ ಒಂದು ಫೋಟೊ ಕಳಿಸಿದ.

ಆಗಸ್ಟ್ 15, ಶನಿವಾರ. ಬೆಳಗ್ಗೆ ಐದಕ್ಕೆ ಬಿಟ್ಟೆವು. ಅಳ್ನಾವರ, ರಾಮನಗರ ದಾಟಿ, ಮಳೆಯಲ್ಲೇ ಅನಮೋಡ ಘಟ್ಟ ಇಳಿದು ಗೋವಾ ಕಡೆಯ ಮೊಲ್ಲೆಂ ಚೆಕ್‌ಪೋಸ್ಟ್ ಮುಟ್ಟಿದೆವು. ಮಗಳು ಮರಳಾಟದ ಪುಟ್ಟ ಬಕೆಟ್ಟನ್ನು ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು.

ಅಲ್ಲಿದ್ದವರು ವರದಿ ಕೇಳಿದರು. ಇರಲಿಲ್ಲ. ಬುಕಿಂಗ್ ಕೇಳಿದರು. ಚೀಟಿ ತೋರಿಸಿದೆ. ಅನುಮತಿ ಇರುವ ಹೋಟೆಲ್‌ಗಳ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಬೆರಳಾಡಿಸಿ ನೋಡಿದರು, ಮತ್ತೆ ಮೇಲಿಂದ ನೋಡಿದರು. ಹೆಸರಿಲ್ಲ. ಅವರ ತಪ್ಪೇನೂ ಇಲ್ಲ, ಮರ್ಯಾದೆಯಿಂದಲೇ ಮಾತಾಡಿದರು. ಹೋಟೆಲ್‌ಗೆ ಒಂದು ಫೋನ್ ಮಾಡಿ ನೋಡಿ ಅಂದರು. ಮೊದಲೇ ಮಾಡಬೇಕಿದ್ದ ಆ ಒಂದು ಫೋನನ್ನು ಆಗ ಮಾಡಿದೆ. ಆ ಕಡೆಯವರು ಹಿಂದಿಯಲ್ಲಿ ಹೇಳಿದ್ದು ಇಷ್ಟೇ: ಮಾರ್ಚ್‌ನಿಂದ ಹೋಟೆಲ್ ಬಂದ್ ಇದೆ, ನಿಮ್ಮ ಹೆಸರಲ್ಲಿ ಬುಕಿಂಗೇ ಇಲ್ಲ.

ಬಂದ್ ಇರುವ ಹೋಟೆಲ್! ಫೋನ್ ಹಿಡಿದುಕೊಂಡು ಮಳೆಯಲ್ಲೇ ನಿಂತುಬಿಟ್ಟೆ. ಕಾರಿನೊಳಗಿಂದ ಹೆಂಡತಿ ನೋಡುತ್ತಿದ್ದಳು. ಏನಂತ ಹೇಳಲಿ?

ಏಜೆಂಟ್ ಆರನೇ ಸಲಕ್ಕೆ ಫೋನ್ ಎತ್ತಿದ. "ತೆಗೀತಾರಂತ ಹೇಳಿದ್ರರೀ ಸರ್ರ." ಅಣ್ಣಾರ ಹೋಗಿ ಸರ್ರ ಆಗಿದ್ದೆ. ಬುಕಿಂಗ್ ಎಲ್ಲಿ ಅಂದೆ. "ಅದು ಪ್ರೋಸೆಸ್‌ನ್ಯಾಗ ಐತಿ." ದುಡ್ಡು ವಾಪಸ್ ಹಾಕು ಅಂದೆ. "ಬಾರ್ಡರ್ ನಿಮ್ಮ ಜವಾಬ್ದಾರಿ ಸರ್ರ. ಕೊರೊನಾ ಏನ್ ನಾ ತಂದೇನೇನ್ರಿ?" ನಾನು ಕೇಳಿದ್ದು ಕೊರೊನಾ ಬಗ್ಗೆ ಅಲ್ಲ, ಬೀಗ ಹಾಕಿದ ಹೋಟೆಲ್‌ಗೆ ದುಡ್ಡು ಯಾಕೆ ಇಸ್ಕೊಂಡೆ ಅಂತ. ಅದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ವಾಪಸ್ ಘಟ್ಟ ಹತ್ತಿದೆವು. ನಮ್ಮ ಕಡೆಯ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದರು. ಗೋವಾ ನೋಡೇ ಇಲ್ಲ ಅಂತ ಎಷ್ಟು ಹೇಳಿದರೂ, ಗಡಿ ದಾಟಿ ಬಂದಿದ್ದೀರಲ್ಲ ಅಂದರು. ಆಗ ನಮ್ಮ ರಾಜ್ಯದಲ್ಲಿ ಹೊರಗಿನಿಂದ ಬಂದವರಿಗೆ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ನೋಂದಣಿ, 14 ದಿನ ಹೋಂ ಕ್ವಾರಂಟೈನ್ ಇತ್ತು. ಇದನ್ನೂ ಆ ಏಜೆಂಟ್ ಹೇಳಿರಲಿಲ್ಲ. ಎಡಗೈ ಮೇಲೆ ಸೀಲು ಒತ್ತಿದರು. ಮಗಳು ಮನೆಗೆ ಬಂದು ಸೋಪು ಹಚ್ಚಿ ತಿಕ್ಕಿ ತಿಕ್ಕಿ ಕೈ ಕೆಂಪು ಮಾಡಿಕೊಂಡಳು. ಹೋಗಲಿಲ್ಲ.

22ಕ್ಕೆ ಗಣೇಶ ಚೌತಿ. ನಾವು ಹೊರಗೆ ಹೋಗುವ ಹಾಗಿಲ್ಲ. ಪಕ್ಕದ ಮನೆ ಕಾಕಾ ನಮ್ಮ ಗಣಪತಿಯನ್ನೂ ತಂದು, ಗೇಟಿನ ಹೊರಗೆ ಕಟ್ಟೆ ಮೇಲಿಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ನಿಂತರು. ನಾನು ಹೋಗಿ ಎತ್ತಿಕೊಂಡೆ. ಓಣಿಯವರೆಲ್ಲ ಕಿಟಕಿಯಲ್ಲಿ. ಆ ಹೊತ್ತು ಜನ್ಮದಲ್ಲಿ ಮರೆಯಲ್ಲ. ರಾಜ್ಯದಿಂದ ರಾಜ್ಯಕ್ಕೆ ಓಡಾಡಲು ತಡೆ ಹಾಕಬೇಡಿ ಅಂತ ಕೇಂದ್ರ ಪತ್ರ ಬರೆದದ್ದೂ ಅದೇ ದಿನ. 24ಕ್ಕೆ ನಮ್ಮ ರಾಜ್ಯ ಸೀಲು, ನೋಂದಣಿ, ಕ್ವಾರಂಟೈನ್ ಎಲ್ಲ ತೆಗೆಯಿತು. ಹಬ್ಬ ಮುಗಿದ ಎರಡು ದಿನಕ್ಕೆ.

ದುಡ್ಡಿಗೆ ಇನ್ನೂ ಬಡಿದಾಡುತ್ತಿದ್ದೇನೆ. "ಮುಂದಿನ ಟ್ರಿಪ್‌ನ್ಯಾಗ ಅಡ್ಜಸ್ಟ್ ಮಾಡ್ತೀನಿ" ಅನ್ನುತ್ತಿದ್ದ ಏಜೆಂಟ್. ಅವನ ಜೊತೆ ಮುಂದಿನ ಟ್ರಿಪ್ಪಾ? 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಧಾರವಾಡದ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಚೀಟಿ, ಫೋನ್‌ಪೇ ರಸೀದಿ, ಅವನ ಮೆಸೇಜು ಒಂದನ್ನೂ ಅಳಿಸಿಲ್ಲ. ನೀವೂ ಅಳಿಸಬೇಡಿ.

ದುಡ್ಡು ಹಾಕುವ ಮೊದಲು ಹೋಟೆಲ್‌ಗೆ ನೀವೇ ಫೋನ್ ಮಾಡಿ. ಏಜೆಂಟ್ ಕೊಟ್ಟ ನಂಬರ್‌ಗೆ ಅಲ್ಲ, ನೀವೇ ಹುಡುಕಿದ ನಂಬರ್‌ಗೆ. ಗಡಿಯಲ್ಲಿ ನಿಯಮ ಏನಾದರೂ ಇದ್ದರೆ ಸರ್ಕಾರದ ಆದೇಶದಲ್ಲಿ ಓದಿ. ಹೋಗುವುದಕ್ಕೊಂದು, ವಾಪಸ್ ಬರುವುದಕ್ಕೊಂದು, ಎರಡೂ ಓದಿ. "ನನ್ನ ಹೆಸರು ಹೇಳ್ರಿ" ಅಂದವನಿಗೆ ಒಂದು ರೂಪಾಯಿ ಕೊಡಬೇಡಿ.

ಈಗ ಆ ಏಜೆಂಟ್ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ನಿನ್ನೆ ರಾತ್ರಿ ಭಾವನ ಫೋನ್‌ನಲ್ಲಿ ಅವನ ಸ್ಟೇಟಸ್ ನೋಡಿದೆ. ದಸರಾ ಸ್ಪೆಷಲ್ ಗೋವಾ ಪ್ಯಾಕೇಜ್ ಅಂತೆ. ಅದೇ ನೀಲಿ ಈಜುಕೊಳದ ಫೋಟೊ.