ಆಡಿಯೋ ರಿಕವರಿ ಅಂತ ದುಡ್ಡು ಕೇಳಿದರೆ ಕೊಡಬೇಡಿ

₹4,700. ಇಲ್ಲದ ಕಾಯಿಲೆಗೆ ನಾನು ಕೊಟ್ಟ ಮದ್ದಿನ ದುಡ್ಡು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ.

ಕಳೆದ ತಿಂಗಳು ಸುರತ್ಕಲ್‌ನ ನಮ್ಮ ಮನೆಯಲ್ಲಿ ತಾಳಮದ್ದಳೆ ಇತ್ತು, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ದೊಡ್ಡಪ್ಪನದ್ದು ವಾಲಿಯ ಅರ್ಥ, ಅಂದರೆ ವಾಲಿಯಾಗಿ ಮಾತಾಡುವುದು. ಎರಡೂವರೆ ಗಂಟೆ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನನ್ನ ಹಳೆ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು ಎಂಬ ಲಿನಕ್ಸ್. ಅದಕ್ಕೆ ವಿಡಿಯೋ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್ ಹಾಕಿದೆ, ದುಡ್ಡು ಕೊಡದೆ ಸಿಗುವುದು. ಫೈಲ್ ಎಳೆದು ಹಾಕಿದರೆ ಬರೀ ‘ಮೀಡಿಯಾ ಆಫ್‌ಲೈನ್’.

ಮಂಗಳೂರು ಹಂಪನಕಟ್ಟೆಯ ಒಂದು ಅಂಗಡಿಗೆ ಕೊಟ್ಟೆ. ಕನ್ವರ್ಟ್ ಮಾಡಲು ₹1,200. ಚಿತ್ರ ಬಂತು, ಸರಿ. ಧ್ವನಿ ಇಲ್ಲ! ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೇ ಮಾತು. ದೊಡ್ಡಪ್ಪ ಶಾಲು ಸರಿಮಾಡಿಕೊಂಡು ರಾಮನತ್ತ ಬೆರಳು ತೋರಿಸಿ ಬಾಯಿ ತೆರೆಯುತ್ತಾರೆ. ಶಬ್ದವಿಲ್ಲ. ಚೆಂಡೆಗೆ ಕೋಲು ಬೀಳುತ್ತದೆ. ಶಬ್ದವಿಲ್ಲ.

ಮತ್ತೆ ಹೋದೆ. “ಆಡಿಯೋ ಟ್ರ್ಯಾಕ್ ಕರಪ್ಟ್ ಆಗಿದೆ ಸಾರ್. ರಿಕವರಿ ಮಾಡ್ಬೇಕು, ₹3,500 ಆಗ್ತದೆ.”

“ಫೋನಿನಲ್ಲಿ ಕೇಳಿಸ್ತದಲ್ವಾ?”

“ಫೋನಿನಲ್ಲಿ ಬರುವುದು ಬೇರೆ ಸಾರ್, ಎಡಿಟಿಂಗಿಗೆ ಬರುವುದು ಬೇರೆ.”

ನಾನು ತಲೆಯಾಡಿಸಿದೆ. ಈಗ ನೆನೆದರೆ ಆ ತಲೆಯನ್ನೇ ಗೋಡೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ. ರಾಮನಾದರೂ ಮರೆಯಲ್ಲಿ ನಿಂತು ಬಾಣ ಬಿಟ್ಟ. ಇವರು ಕೌಂಟರಿನ ಎದುರೇ ನಿಂತು ಬಿಟ್ಟರು. ನಾಲ್ಕು ದಿನ ಓಡಾಡಿಸಿ ಪೆನ್ ಡ್ರೈವಿನಲ್ಲಿ ಧ್ವನಿ ಮಾತ್ರ ಇರುವ ಒಂದು ವೇವ್ ಫೈಲ್ ಕೊಟ್ಟರು, 1.7 ಜಿಬಿ. “ತುಂಬಾ ಕಷ್ಟ ಆಯ್ತು ಸಾರ್” ಅಂತ ಬೇರೆ.

ಭಾನುವಾರ ತಂಗಿಯ ಮಗ ಬಂದ. ಅಂಗಡಿಯವರು ಮೊದಲು ಕೊಟ್ಟ ಫೈಲನ್ನು, ಧ್ವನಿ ಹೋಗಿದೆ ಅಂದ ಅದೇ ಫೈಲನ್ನು, ಸುಮ್ನೆ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದ. ಭಾಗವತರ ಪದ ಮನೆಯಿಡೀ ಕೇಳಿಸಿತು. ಜಾಗಟೆ, ಮದ್ದಳೆ, ದೊಡ್ಡಪ್ಪನ ಕೆಮ್ಮು ಕೂಡ. “ಮಾಮ, ಇದು ಎಲ್ಲಿಗೂ ಹೋಗ್ಲೇ ಇಲ್ಲ.”

ಫೈಲಿನ ಒಳಗೆ ಏನಿದೆ ಎಂದು ಹೇಳುವ ಮೀಡಿಯಾಇನ್ಫೋದಲ್ಲಿ ತೋರಿಸಿದ: ಆಡಿಯೋ ಎಎಸಿ, ಧ್ವನಿಯನ್ನು ಕುಗ್ಗಿಸಿಡುವ ಒಂದು ಫಾರ್ಮ್ಯಾಟ್. ಲಿನಕ್ಸ್‌ನಲ್ಲಿ ಉಚಿತ ರಿಸಾಲ್ವ್ ಎಎಸಿಯನ್ನು ಓದುವುದಿಲ್ಲ. ಫೋನಿನ ಎಚ್.264 ಫಾರ್ಮ್ಯಾಟಿನ ಚಿತ್ರವನ್ನೂ ಓದುವುದಿಲ್ಲ. ಅಂಗಡಿಯವರು ಚಿತ್ರ ಬದಲಿಸಿ ಧ್ವನಿಯನ್ನು ಹಾಗೇ ಬಿಟ್ಟಿದ್ದರು. ತಪ್ಪು ಅವರದ್ದು, ದಂಡ ನನಗೆ! ಹುಡುಗ ಫಾರ್ಮ್ಯಾಟ್ ಬದಲಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಪಿಸಿಎಂ, ಅಂದರೆ ಕುಗ್ಗಿಸದ ಧ್ವನಿ, ಮಾಡಿದ. ಒಂದೇ ಸಾಲಿನ ಕಮಾಂಡ್. ಚಹಾ ಆರುವ ಮೊದಲು ರಿಸಾಲ್ವ್‌ನಲ್ಲಿ ವಾಲಿ ಗುಡುಗಿದ.

ಅಂಗಡಿಯವರನ್ನು ವಾಟ್ಸಾಪಿನಲ್ಲಿ ಕೇಳಿದೆ. ಮೊದಲ ಉತ್ತರ: “ನಿಮ್ಮ ಸಾಫ್ಟ್‌ವೇರ್ ಪ್ರಾಬ್ಲಂ ಸಾರ್.” ಹೌದಲ್ವಾ, ಹಾಗಾದರೆ ಕರಪ್ಟ್ ಆದದ್ದು ಎಂತ ಮಾರಾಯ್ರೆ? ಎರಡನೆಯದು: “ಅದು ಸರ್ವಿಸ್ ಚಾರ್ಜ್. ಗೊತ್ತಿದ್ರೆ ನೀವೇ ಮಾಡ್ಬಹುದಿತ್ತಲ್ಲ.” ಬಿಲ್ ಕೇಳಿದ ಮೇಲೆ ಉತ್ತರವೇ ಇಲ್ಲ.

ಎಡಿಟಿಂಗಿನಲ್ಲಿ ಧ್ವನಿ ಬಾರದಿದ್ದರೆ ಮೊದಲು ವಿಎಲ್‌ಸಿಯಲ್ಲಿ ಹಾಕಿ ನೋಡಿ. ಅಲ್ಲಿ ಸರಿಯಾಗಿ ಕೇಳಿಸಿದರೆ ಫಾರ್ಮ್ಯಾಟ್ ಬದಲಿಸಿದರೆ ಸಾಕು. ಅಂಗಡಿ ಮೆಟ್ಟಿಲು ಹತ್ತಬೇಡಿ, ಹತ್ತಿದರೂ ನನ್ನ ಹಾಗೆ ತಲೆಯಾಡಿಸಬೇಡಿ.

ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ. ಅವತ್ತು ಅವರ ಕೈಗೆ ನಾವು ಕೊಟ್ಟ ಕವರಿನಲ್ಲಿ ಇದರ ಅರ್ಧವೂ ಇರಲಿಲ್ಲ.